ಬಾರದವರಿಗೆ ಬೈಗುಳ, ಬಂದವರಿಗೆ ಬಿಸ್ಕತ್ತು

ಕೊಡಗಿನ ಬೆಳೆಗಾರನೊಬ್ಬನನ್ನು ನಡುರಾತ್ರಿಯಲ್ಲಿ ಎಬ್ಬಿಸಿ, ಹೋದ ವರ್ಷ ಜುಲೈ ತಿಂಗಳ ಮೂರನೆಯ ವಾರದಲ್ಲಿ ನಿಮ್ಮ ತೋಟಕ್ಕೆ ಎಷ್ಟು ಮಳೆ ಬಿತ್ತು ಎಂದು ಕೇಳಿದರೆ, ಆತ ಪೂರ್ತಿ ಕಣ್ಣು ಬಿಡುವ ಮೊದಲೇ ಇಂಚು ಮತ್ತು ಸೆಂಟಿನ (ಇಂಚಿನ ನೂರನೆಯ ಒಂದು ಪಾಲು) ಲೆಕ್ಕದಲ್ಲಿ ಉತ್ತರ ಕೊಡುತ್ತಾನೆ. ಅನುಮಾನವಿದ್ದವರಿಗೆ ಮಳೆಯ ಡೈರಿಯನ್ನೂ ತೆಗೆದು ತೋರಿಸುತ್ತಾನೆ. ಅದೇ ಮನುಷ್ಯನನ್ನು ಹಾಡಹಗಲಿನಲ್ಲಿ, ಎರಡು ಲೋಟ ಕಾಫಿ ಕುಡಿದಾದ ಮೇಲೆ, ನಿಮ್ಮ ಮಗಳು ಯಾವ ಸೆಕ್ಷನ್ನಿನಲ್ಲಿ ಓದುತ್ತಿದ್ದಾಳೆ ಎಂದು ಕೇಳಿ ನೋಡಿ. ಅಡುಗೆಮನೆಯ ಕಡೆಗೆ ಮುಖ ಮಾಡಿ ಹೆಂಡತಿಯನ್ನು ಕೂಗುತ್ತಾನೆ. ನಾನು ಇದನ್ನು ಪರನಿಂದೆಯೆಂದು ಬರೆಯುತ್ತಿಲ್ಲ. ನಾಲ್ಕು ಎಕರೆ ರೊಬಸ್ಟಾ ಕಾಫಿ, ಒಂದು ಮಳೆ ಮಾಪಕ ಮತ್ತು ಎಂಟನೆಯ ತರಗತಿಯಲ್ಲಿ ಓದುವ ಒಬ್ಬ ಮಗಳು ನನಗೂ ಇರುವುದರಿಂದ ಬರೆಯುತ್ತಿದ್ದೇನೆ.

ಶಾಲೆ ತೆರೆದು ಐದು ವಾರಗಳಾದ ಮೇಲೆ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಸೂಚನೆ ಬಂದಿತು: ಶನಿವಾರ ಮಧ್ಯಾಹ್ನ ಎರಡೂವರೆಗೆ ಪೋಷಕರ ಸಭೆ, ಎಲ್ಲರೂ ತಪ್ಪದೆ ಹಾಜರಾಗತಕ್ಕದ್ದು. ಈ ಗುಂಪಿಗೆ ಮಳೆಗಾಲದಲ್ಲಿ ಇರುವುದು ಒಂದೇ ಕೆಲಸ. ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ‘ನಾಳೆ ರಜೆ ಇದೆಯಾ’ ಎಂಬ ಪ್ರಶ್ನೆಯನ್ನು ಸರದಿಯಂತೆ ಎಲ್ಲರೂ ಎಲ್ಲರಿಗೂ ಕೇಳುತ್ತಾರೆ, ಜಿಲ್ಲಾಧಿಕಾರಿಗಳ ಆದೇಶದ ಚಿತ್ರ ಬಂದು ಬಿದ್ದೊಡನೆ ಕೈಮುಗಿದ ಗುರುತುಗಳ ಸುರಿಮಳೆಯಾಗುತ್ತದೆ. ಹೀಗಾಗಿ ನಮ್ಮ ಪೋಷಕರಿಗೆ ಜಿಲ್ಲಾಧಿಕಾರಿಗಳ ಹೆಸರು, ಅವರ ಸಹಿಯ ಓರೆ, ಮೊಹರಿನ ಬಣ್ಣ ಎಲ್ಲವೂ ಚಿರಪರಿಚಿತ; ಗಣಿತದ ಟೀಚರ ಹೆಸರು ಮಾತ್ರ ಗೊತ್ತಿಲ್ಲ, ಏಕೆಂದರೆ ಅವರು ಇದುವರೆಗೆ ಯಾರಿಗೂ ರಜೆ ಕೊಟ್ಟವರಲ್ಲ.

ಸೂಚನೆ ಬಂದೊಡನೆ, ಇಂತಹ ಸಭೆಗೆ ಹೋಗಬೇಕೇ ಬೇಡವೇ ಎಂಬ ಜಿಜ್ಞಾಸೆ ಪೇಟೆಯ ಕ್ಯಾಂಟೀನಿನಲ್ಲಿ ಆರಂಭವಾಯಿತು. ಬೇಡವೆನ್ನುವವರ ವಾದ ಬಹಳ ಗಟ್ಟಿಯಾಗಿತ್ತು. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರಲ್ಲ, ಅವರ ತಂದೆ ಯಾವ ಪೋಷಕರ ಸಭೆಗೆ ಹೋಗಿದ್ದರು ಎಂದು ಒಬ್ಬರು ಮೇಜು ಗುದ್ದಿ ಕೇಳಿದರು. ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲವಾದ್ದರಿಂದ ಅದನ್ನೇ ಉತ್ತರವೆಂದು ಸ್ವೀಕರಿಸಲಾಯಿತು. ಕೇಳಿದ ಮಹನೀಯರ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ಅವನು ಮಹಾದಂಡನಾಯಕನಾಗುವ ದಾರಿಯಲ್ಲಿ ಇರುವ ಏಕೈಕ ಅಡಚಣೆಯೆಂದರೆ ತಂದೆ ಶಾಲೆಯ ಮೆಟ್ಟಿಲು ಹತ್ತುವುದು ಎಂಬಂತೆ ಅವರು ಆ ಅಡಚಣೆಯನ್ನು ವರ್ಷಗಳಿಂದ ನಿವಾರಿಸುತ್ತಲೇ ಬಂದಿದ್ದಾರೆ.

ಹಾಗೆಂದು ನಮ್ಮವರಿಗೆ ಸೇರುವುದೇ ಗೊತ್ತಿಲ್ಲ ಎನ್ನುವಂತಿಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ತಂಡ ಕಟ್ಟಿಕೊಂಡು ಬಂದವು. ಬೆಂಗಳೂರಿನಿಂದ ರಾತ್ರೋರಾತ್ರಿ ಕಾರು ಓಡಿಸಿಕೊಂಡು ಬಂದು, ಬಿಸಿಲಿನಲ್ಲಿ ಕುಳಿತು, ಅಂಪೈರನ ತೀರ್ಪಿನ ಬಗ್ಗೆ ತಿಂಗಳುಗಟ್ಟಲೆ ವಾದಿಸುವ ತಾಳ್ಮೆ ನಮಗಿದೆ. ಮೂರು ಕಿಲೋಮೀಟರ್ ದೂರದ ಶಾಲೆಯಲ್ಲಿ ಮಗುವಿನ ಬಗ್ಗೆ ಬಂದಿರುವ ತೀರ್ಪನ್ನು ಕೇಳಲು ಮಾತ್ರ ದಾರಿ ಸರಿಯಿಲ್ಲ, ಹೊಂಡ ಬಿದ್ದಿದೆ.

ಸಭೆಗೆ ಸಿದ್ಧನಾಗುವ ಸಲುವಾಗಿ ನಾನು ಕಾನೂನನ್ನು ಓದಿಕೊಂಡೆ. (ಮಳೆಗಾಲದಲ್ಲಿ ಕರೆಂಟಿಲ್ಲದ ಸಂಜೆಗಳಲ್ಲಿ ಮನುಷ್ಯ ಏನು ಬೇಕಾದರೂ ಓದುತ್ತಾನೆ.) 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್, ಶಿಕ್ಷಕರು ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಶಕ್ತಿ ಮತ್ತು ಕಲಿಕೆಯ ಪ್ರಗತಿಯನ್ನು ತಿಳಿಸಬೇಕೆಂದು ಹೇಳುತ್ತದೆ. 21ನೆಯ ಸೆಕ್ಷನ್, ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು ಎನ್ನುತ್ತದೆ. ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು 27ನೆಯ ಸೆಕ್ಷನ್ ಹೇಳುತ್ತದೆ, ಆದರೆ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಹೊರತುಪಡಿಸುತ್ತದೆ. ಗುಡ್ಡ ಜರಿಯುವ ನಮ್ಮ ಜಿಲ್ಲೆಯಲ್ಲಿ ಆ ಹೊರತು ಎಷ್ಟು ಅಗಲವಾದದ್ದೆಂದು ನಾವು ಬಲ್ಲೆವು. 2025ರ ಅಕ್ಟೋಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ 18ರವರೆಗೆ ಎಳೆದು, ಶಿಕ್ಷಕರು ಮನೆಮನೆಗೆ ಬಂದು ನಮ್ಮ ಕುಟುಂಬದ ಸಮಸ್ತ ವಿವರಗಳನ್ನೂ ಕೇಳಿ ಬರೆದುಕೊಂಡು ಹೋದರು. ಮಗುವಿನ ಓದಿನ ವಿಷಯವೊಂದನ್ನು ಬಿಟ್ಟು ನಮ್ಮ ಬಗ್ಗೆ ಉಳಿದದ್ದೆಲ್ಲ ಅವರಿಗೆ ಈಗ ಗೊತ್ತಿರಬೇಕು. ಇಷ್ಟೇ ಸಾಲದೆಂಬಂತೆ, 2002ರ 86ನೆಯ ತಿದ್ದುಪಡಿ ಸಂವಿಧಾನದ 51ಎ ವಿಧಿಗೆ ಒಂದು ಸಾಲು ಸೇರಿಸಿ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಯರ ಮೂಲಭೂತ ಕರ್ತವ್ಯವೆಂದು ಘೋಷಿಸಿದೆ. ಕಾಯ್ದೆಯ ಸೆಕ್ಷನ್ನುಗಳೆಲ್ಲ ನನಗೆ ಬಾಯಿಪಾಠವಾದವು. ಮಗಳ ಸೆಕ್ಷನ್ ಯಾವುದೆಂದು ಕೇಳಿಕೊಳ್ಳಬೇಕೆಂಬ ಯೋಚನೆ ಮಾತ್ರ ಬರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನು ಮಾಡಿದಾಗ, ಅಲ್ಲಿ ಇದಕ್ಕೆ ‘ಬ್ಯಾಕ್ ಟು ಸ್ಕೂಲ್ ನೈಟ್’ ಎನ್ನುತ್ತಾರೆಂದು ತಿಳಿಯಿತು. ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ, ತಂದೆತಾಯಿಯರ ಕೆಲಸ ಮುಗಿದ ಮೇಲೆ, ಸಂಜೆಯ ಹೊತ್ತಿಗೆ ಕರೆಯುತ್ತಾರಂತೆ. ಮಗುವಿನ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು, ಗಂಟೆ ಹೊಡೆದಂತೆಲ್ಲ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿ, ಒಬ್ಬೊಬ್ಬ ಶಿಕ್ಷಕರ ಮುಂದೆ ಹತ್ತು ಹತ್ತು ನಿಮಿಷ ಮಗುವಿನ ಬೆಂಚಿನಲ್ಲೇ ಕುಳಿತು, ಈ ವರ್ಷ ಏನು ಕಲಿಸುತ್ತಾರೆ, ಅಂಕ ಹೇಗೆ ಕೊಡುತ್ತಾರೆ ಎಂಬುದನ್ನು ಕೇಳಿಕೊಳ್ಳಬೇಕು. ‘ನನ್ನ ಮಗ ಹೇಗಿದ್ದಾನೆ’ ಎಂದು ಅಂದು ಕೇಳುವಂತಿಲ್ಲ, ಅದಕ್ಕೆ ಬೇರೆ ದಿನ, ಬೇರೆ ಸಮಯ ಗೊತ್ತುಮಾಡುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ತೋಟದ ರಸ್ತೆ ಕಾಡಾನೆಗಳ ಸುಪರ್ದಿಗೆ ಹೋಗುವುದರಿಂದ, ಸಂಜೆಯ ಸಭೆ ಇಟ್ಟುಕೊಂಡರೆ ಪೋಷಕರಿಗಿಂತ ಮೊದಲು ಅವೇ ಹಾಜರಿ ಹಾಕಬಹುದು.

ಆದ್ದರಿಂದ ಶನಿವಾರ ಮಧ್ಯಾಹ್ನ. ತೋಟಗಳಲ್ಲಿ ಶನಿವಾರ ಬಟವಾಡೆಯ ದಿನ ಎಂಬುದು ಶಾಲೆಗೆ ಗೊತ್ತಿಲ್ಲದ ಸಂಗತಿಯಲ್ಲ. ಲೈನ್ ಮನೆಯ, ಅಂದರೆ ತೋಟದ ಕೂಲಿಕಾರರ ಸಾಲುಮನೆಯ, ತಂದೆತಾಯಿಯರು ವಾರದ ಕೂಲಿಗಾಗಿ ಸಾಲಿನಲ್ಲಿ ನಿಂತಿರುವ ಹೊತ್ತಿಗೆ ಸರಿಯಾಗಿ, ಅರ್ಧ ದಿನದ ಕೆಲಸ ಬಿಟ್ಟು ಮಗುವಿನ ಭವಿಷ್ಯದ ಬಗ್ಗೆ ಚಿಂತಿಸಲು ಬನ್ನಿ ಎಂದು ಅವರನ್ನು ಕರೆಯಲಾಗುತ್ತದೆ. ಮರುದಿನ ಗೋಣಿಕೊಪ್ಪದ ಸಂತೆಯಿಂದ ಅಕ್ಕಿ, ಒಣಮೀನು ತರಬೇಕಾದವರು ಎರಡರಲ್ಲಿ ಯಾವ ಸಾಲನ್ನು ಆರಿಸುತ್ತಾರೆಂದು ಊಹಿಸಲು ಶಿಕ್ಷಣ ತಜ್ಞರು ಬೇಕಿಲ್ಲ. ಎರಡನೆಯ ಸಭೆ ಜನವರಿಯಲ್ಲಿ, ಅಂದರೆ ಕಾಫಿ ಕುಯ್ಲು ಭರದಿಂದ ಸಾಗುವಾಗ, ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ಕಾಲದಲ್ಲಿ. ಯಾರು ಬರಲಾರರೋ ಅವರ ಅನುಕೂಲವನ್ನು ಇಷ್ಟು ನಿಖರವಾಗಿ ತಪ್ಪಿಸಿಕೊಂಡು ದಿನಾಂಕ ಗೊತ್ತುಮಾಡುವುದಕ್ಕೆ ಪಂಚಾಂಗ ಬಲ್ಲವರ ಸಹಾಯ ಇದ್ದೀತು.

ಎರಡೂವರೆಗೆ ನಾನು ತಲುಪಿದಾಗ ಗೇಟಿನ ಹೊರಗೆ ಅಪ್ಪಂದಿರ ಪ್ರತ್ಯೇಕ ಸಭೆ ಆಗಲೇ ಕೂಡಿತ್ತು. ಅಮ್ಮಂದಿರನ್ನು ಒಳಗೆ ಕಳುಹಿಸಿ, ಜೀಪುಗಳ ಬಾನೆಟ್ಟಿಗೆ ಒರಗಿ, ಕೊಡೆಗಳ ಅಡಿಯಲ್ಲಿ ಕರಿಮೆಣಸಿನ ದರದ ಬಗ್ಗೆ ನಡೆಯುತ್ತಿದ್ದ ಆ ಚರ್ಚೆಯಲ್ಲಿದ್ದ ಶಿಸ್ತು, ಆಳ ಮತ್ತು ದೂರದೃಷ್ಟಿಯನ್ನು ಒಳಗಿನ ಸಭೆಯಲ್ಲಿ ನಾನು ಕಾಣಲಿಲ್ಲ. ಇವರಲ್ಲಿ ಹಲವರು ಆ ಶಾಲೆಯ ಕೋಣೆಯ ಒಳಗನ್ನು ನೋಡುವುದು ಚುನಾವಣೆ ಬಂದಾಗ ಮಾತ್ರ, ಅದೂ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವಷ್ಟು ಹೊತ್ತು. ದೊಡ್ಡ ತೋಟದ ಸಾಹುಕಾರರೊಬ್ಬರು ತಮ್ಮ ಬದಲಿಗೆ ರೈಟರನ್ನು ಕಳುಹಿಸಿದ್ದರು. ಕೂಲಿಯಾಳುಗಳ ಹಾಜರಿ ಬರೆಯುವ ಆ ಮನುಷ್ಯ ಅಭ್ಯಾಸಬಲದಿಂದ ಒಂದು ಪುಸ್ತಕವನ್ನೂ ತಂದು, ಸಾಹುಕಾರರ ಮಗನ ಆರು ವಿಷಯಗಳ ಅಂಕಗಳನ್ನು ಗೊಬ್ಬರದ ಚೀಲಗಳ ಲೆಕ್ಕದ ಕೆಳಗೆ ಅಚ್ಚುಕಟ್ಟಾಗಿ ಬರೆದುಕೊಂಡ. ಇಡೀ ಸಭೆಯಲ್ಲಿ ಶಿಕ್ಷಕರು ಹೇಳಿದ್ದನ್ನು ಬರೆದುಕೊಂಡವನು ಅವನೊಬ್ಬನೇ ಎಂಬುದನ್ನು ನ್ಯಾಯಕ್ಕಾಗಿ ಹೇಳಲೇಬೇಕು.

ವೇದಿಕೆಯ ಕಾರ್ಯಕ್ರಮ ಒಂದೂವರೆ ಗಂಟೆ ನಡೆಯಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಗಾಳಿಗೆ ಆರಿದ ದೀಪವನ್ನು ಮತ್ತೆ ಬೆಳಗುವುದು, ಶಾಲು, ಹಾರ, ಸಮಿತಿಯವರ ಭಾಷಣ. ಸಮಿತಿಯ ಮಹಿಳಾ ಸದಸ್ಯರೊಬ್ಬರ ಜಾಗದಲ್ಲಿ ಅವರ ಪತಿ ಕುಳಿತಿದ್ದರು. ಕಾಯ್ದೆ ಅರ್ಧ ಎಂದದ್ದು ಅರ್ಧಾಂಗಿಯ ಅರ್ಥದಲ್ಲಿ ಎಂದು ಅವರು ತಿಳಿದಿರಬಹುದು. ಆಮೇಲೆ ಸಭೆಯ ಮುಖ್ಯ ಕಲಾಪ ಆರಂಭವಾಯಿತು. ಪೋಷಕರಿಗೆ ಜವಾಬ್ದಾರಿಯೇ ಇಲ್ಲ, ಎಷ್ಟು ಸಲ ಕರೆದರೂ ಶಾಲೆಯ ಕಡೆ ತಲೆ ಹಾಕುವುದಿಲ್ಲ, ಹೆತ್ತರೆ ಸಾಲದು, ನೋಡಿಕೊಳ್ಳಬೇಕು ಎಂದು ಭಾಷಣಕಾರರು ಒಬ್ಬರ ನಂತರ ಒಬ್ಬರು ಕಠೋರವಾಗಿ ಗದರಿದರು. ಬಾರದವರಿಗೆ ಸಲ್ಲಬೇಕಾದ ಈ ಬೈಗುಳವನ್ನು, ಮಳೆಯಲ್ಲಿ ನೆನೆದು ಬಂದ ಅರುವತ್ತು ಜನ ಅಮ್ಮಂದಿರು ಅವರ ಪರವಾಗಿ ತಲೆ ತಗ್ಗಿಸಿ ಸ್ವೀಕರಿಸಿದರು. ಹಂಚಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಅರ್ಧ ಮಾತು ಕೇಳಿಸದೇ ಹೋದದ್ದು ಪ್ರಕೃತಿಯ ಕೃಪೆ. ಬಿಸ್ಕತ್ತು ಮತ್ತು ಕಾಫಿ ಬಂದವು. ಕಾಫಿಯ ನಾಡಿನಲ್ಲಿ ಅಂತಹ ಕಾಫಿಯನ್ನು ಹೇಗೆ ತಯಾರಿಸುತ್ತಾರೆಂಬುದು ಬೇರೆಯೇ ಲೇಖನದ ವಿಷಯ.

ಎರಡೂ ಸೆಕ್ಷನ್ನುಗಳ ಪೋಷಕರು ತಮ್ಮ ತಮ್ಮ ಕೋಣೆಗಳಿಗೆ ಹೋಗಬೇಕೆಂದು ಪ್ರಕಟಣೆಯಾದಾಗ, ನಾನು ಜನ ಹೋದ ಕಡೆ ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತೆ. ಹಾಜರಿ ಪುಸ್ತಕ ಬಂದಿತು, ಸಹಿ ಮಾಡಿದೆ. ಬ್ಯಾನರನ್ನು ಹಿಂದೆ ಕಟ್ಟಿ ಫೋಟೊ ತೆಗೆದರು; ಅದು ಮೇಲಿನವರಿಗೆ ಕಳುಹಿಸಬೇಕಾದ ಸಾಕ್ಷಿಯಾದ್ದರಿಂದ, ಎಲ್ಲರ ಮುಖವೂ ಕಾಣುವಂತೆ ಮೂರು ಸಲ ತೆಗೆದರು. ಒಂದಷ್ಟು ಹೊತ್ತು ಕಾದ ಮೇಲೆ ನನ್ನ ಸರದಿ ಬಂದಾಗ ಟೀಚರ್ ತಲೆಯೆತ್ತದೆಯೇ, “ನಿಮ್ಮ ಮಗ ಚುರುಕಾಗಿದ್ದಾನೆ, ಸ್ವಲ್ಪ ಗಲಾಟೆ ಕಡಿಮೆ ಮಾಡಬೇಕು” ಎಂದರು. ಮಗನಿಲ್ಲ, ಮಗಳು ಎಂದೆ. “ಹೆಸರೇನು ಸಾರ್?” ಹೇಳಿದೆ. ಅವರು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ನಂತರ ಮೊದಲ ಬಾರಿಗೆ ನನ್ನನ್ನು ನೋಡಿ, “ಇದು ಎ ಸೆಕ್ಷನ್” ಎಂದರು. ಹಿಂದಿನ ಬೆಂಚಿನ ಅಮ್ಮಂದಿರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಆ ನಗುವಿಗೆ ನಾನು ಪೂರ್ಣ ಅರ್ಹನಾಗಿದ್ದೆ.

ಬಿ ಸೆಕ್ಷನ್ನಿನಲ್ಲಿ 38 ಮಕ್ಕಳು. ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರಬೇಕಾದ್ದರಿಂದ ಒಂದು ಗಂಟೆಯಲ್ಲಿ ಮುಗಿಸಬೇಕೆಂದು ಆಜ್ಞೆಯಾಗಿತ್ತು. ಭಾಗಿಸಿ ನೋಡಿದರೆ ಮಗುವೊಂದಕ್ಕೆ ಒಂದೂವರೆ ನಿಮಿಷ. ಶಾಲು ಹೊದಿಸಲು ಅದಕ್ಕಿಂತ ಹೆಚ್ಚು ಸಮಯ ಹಿಡಿದಿತ್ತು. ಅಲ್ಲಿನ ಟೀಚರ್ ಇನ್ನೂ ಎಳೆಯ ವಯಸ್ಸಿನವರು, ಅಂಕಪಟ್ಟಿಯನ್ನು ನನ್ನ ಮುಂದೆ ಸರಿಸಿ, ಅದರ ಬಗ್ಗೆ ಏನೂ ಹೇಳದೆ, ಒಂದು ಪ್ರಶ್ನೆ ಕೇಳಿದರು: “ಏಳನೆಯ ತರಗತಿಯವರೆಗೂ ಇವಳು ತುಂಬ ಪ್ರಶ್ನೆ ಕೇಳುತ್ತಿದ್ದಳು ಎಂದು ಹಿಂದಿನ ಟೀಚರ್ ಹೇಳಿದ್ದರು. ಈಗ ಬಾಯಿಯೇ ಬಿಡುವುದಿಲ್ಲ. ಮನೆಯಲ್ಲಿಯೂ ಹಾಗೆಯೇ ಇದ್ದಾಳಾ ಸಾರ್?”

ಅಂದಿನ ಇಡೀ ಮಧ್ಯಾಹ್ನದಲ್ಲಿ ಮಗುವೊಂದನ್ನು ಕುರಿತು ನನ್ನ ಕಿವಿಗೆ ಬಿದ್ದ ಮೊದಲ ಪ್ರಶ್ನೆ ಅದು. ಕಳೆದ ಜೂನ್‌ನಿಂದ ಇಂದಿನವರೆಗೆ ಬಿದ್ದ ಪ್ರತಿ ಸೆಂಟು ಮಳೆಯನ್ನೂ ಬರೆದಿಟ್ಟಿರುವ ನಾನು, ಮಗಳು ಯಾವಾಗಿನಿಂದ ಮಾತು ನಿಲ್ಲಿಸಿದಳೆಂದು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿರುವಾಗಲೇ ಒಂದೂವರೆ ನಿಮಿಷ ಮುಗಿದು, ಹಿಂದಿನಿಂದ ಒಬ್ಬರು ಅಂಕಪಟ್ಟಿಗೆ ಕೈ ಚಾಚಿದರು. ಮುಂದಿನ ವಾರ ಬಿಡುವು ಮಾಡಿಕೊಂಡು ಬರುತ್ತೇನೆ ಎಂದೆ. “ಮುಂದಿನ ವಾರ ತರಬೇತಿ ಇದೆ, ಅದರ ಮುಂದಿನ ವಾರ ಬನ್ನಿ” ಎಂದರು. ಬಿ ಸೆಕ್ಷನ್ನಿನ ಪುಸ್ತಕದಲ್ಲಿಯೂ ಸಹಿ ಮಾಡಿದೆ.

ಹೊರಡುವ ಮೊದಲು, ಎ ಸೆಕ್ಷನ್ನಿನ ಪುಸ್ತಕದಲ್ಲಿ ತಪ್ಪಾಗಿ ಮಾಡಿದ ಸಹಿಯನ್ನು ಹೊಡೆದುಹಾಕೋಣವೆಂದು ಕಚೇರಿಗೆ ಹೋದೆ. ಅಲ್ಲಿದ್ದವರು ವರದಿಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿಸುವ ಅವಸರದಲ್ಲಿದ್ದರು. ನನ್ನ ಮಾತು ಕೇಳಿ, ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಹೇಳಿದರು: “ಇರಲಿ ಬಿಡಿ ಸಾರ್, ಹೊಡೆಯಬೇಡಿ. ಲೈನ್ ಮನೆಯವರೊಬ್ಬರು ಬಂದಿರಲಿಲ್ಲ, ಲೆಕ್ಕ ಸರಿಹೋಯಿತು.”