ಸ್ಪಷ್ಟನೆ: ಡಿಕ್ರಿಪ್ಷನ್ ಆನ್ ಮಾಡಿದರೆ ಫೈರ್‌ವಾಲ್ ವೇಗ ಖಂಡಿತ ಇಳಿಯುತ್ತದೆ

"ಈಗಿನ ಪ್ರೊಸೆಸರ್‌ಗಳಲ್ಲಿ ಎಇಎಸ್ ಹಾರ್ಡ್‌ವೇರ್‌ನಲ್ಲೇ ಇದೆ, ಹಾಗಾಗಿ ಫೈರ್‌ವಾಲ್‌ನಲ್ಲಿ ಟಿಎಲ್‌ಎಸ್ ಡಿಕ್ರಿಪ್ಷನ್ ಆನ್ ಮಾಡಿದ್ರೂ ಸ್ಪೀಡ್‌ಗೆ ಏನೂ ಆಗಲ್ಲ" ಅನ್ನೋ ಮೆಸೇಜ್ ಓಡಾಡ್ತಿದೆ. (ಫೈರ್‌ವಾಲ್ ಅಂದ್ರೆ ನೆಟ್‌ವರ್ಕ್‌ನ ಕಾವಲು ಸಾಧನ. ಟಿಎಲ್‌ಎಸ್ ಅಂದ್ರೆ ಬ್ರೌಸರ್ ಮತ್ತು ಸೈಟ್ ನಡುವೆ ಡೇಟಾವನ್ನು ಗೂಢಲಿಪಿಯಲ್ಲಿ ಕಳಿಸುವ ವಿಧಾನ, ಎಇಎಸ್ ಆ ಗೂಢಲಿಪಿಯ ಲೆಕ್ಕ, ಡಿಕ್ರಿಪ್ಷನ್ ಅಂದ್ರೆ ಅದನ್ನು ಬಿಚ್ಚಿ ಓದುವುದು.) ಮೊದಲರ್ಧ ಸರಿ. ಉಳಿದದ್ದು ತಪ್ಪು.

ಎಇಎಸ್ ಕೆಲಸ ಮಾಡುವುದು ಡೇಟಾ ಹರಿಯಲು ಶುರುವಾದ ಮೇಲೆ. ದೊಡ್ಡ ಹೊರೆ ಬೀಳುವುದು ಅದಕ್ಕೂ ಮುಂಚೆ, ಹ್ಯಾಂಡ್‌ಶೇಕ್‌ನಲ್ಲಿ, ಅಂದ್ರೆ ಎರಡೂ ಕಡೆ ಗುರುತು ನೋಡಿ ಕೀ ಒಪ್ಪಿಕೊಳ್ಳುವ ಹಂತದಲ್ಲಿ. ಬ್ರೌಸರ್ ಒಂದು ಸೈಟ್ ತೆರೆದರೆ ಫೈರ್‌ವಾಲ್ ನಡುವೆ ನಿಂತು ಸರ್ವರ್ ಜೊತೆ ಒಂದು, ಬ್ರೌಸರ್ ಜೊತೆ ಇನ್ನೊಂದು, ಹೀಗೆ ಎರಡು ಟಿಎಲ್‌ಎಸ್ ಸೆಷನ್ ನಡೆಸಬೇಕು, ಆ ಸೈಟ್ ಹೆಸರಿನಲ್ಲಿ ತನ್ನದೇ ಸರ್ಟಿಫಿಕೇಟ್ (ಸೈಟ್‌ನ ಗುರುತಿನ ಚೀಟಿ) ಮಾಡಿ ಸಹಿ ಹಾಕಬೇಕು. ಆರ್‌ಎಸ್‌ಎ ಅನ್ನೋ ಬೇರೆಯೇ ಬಗೆಯ ಲೆಕ್ಕದಿಂದ ಹಾಕುವ ಸಹಿಗೆ ಪ್ರೊಸೆಸರ್‌ನ ಎಇಎಸ್ ಸೂಚನೆಗಳಿಂದ ಏನೂ ಉಪಯೋಗವಿಲ್ಲ. ಹಾಗಾಗಿಯೇ ಸೆಕೆಂಡಿಗೆ ಎಷ್ಟು ಹೊಸ ಕನೆಕ್ಷನ್ ತಗೊಳ್ಳುತ್ತದೆ ಅನ್ನೋ ಸಂಖ್ಯೆ ಮೊದಲು ಕುಸಿಯುತ್ತದೆ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ಮುಚ್ಚಿದ ಲಕೋಟೆಯಂತೆ ಸುಮ್ನೆ ದಾಟಿ ಹೋಗುತ್ತಿದ್ದ ಟ್ರಾಫಿಕ್ ಈಗ ಬಿಚ್ಚಿಕೊಂಡಿದೆ ಅಲ್ವಾ? ಐಪಿಎಸ್ (ದಾಳಿ ಗುರುತಿಸಿ ತಡೆಯುವ ವ್ಯವಸ್ಥೆ), ಆಂಟಿವೈರಸ್ ಎಲ್ಲವೂ ಅದನ್ನು ಓದಲೇಬೇಕು. ಆ ಖರ್ಚೂ ಸೇರುತ್ತದೆ.

ನಿಮ್ಮ ಮಾಡೆಲ್‌ನ ಡೇಟಾಶೀಟ್ ತೆರೆದು ನೋಡಿ. ಎಷ್ಟೋ ಕಂಪನಿಗಳು ಫೈರ್‌ವಾಲ್ ಥ್ರೂಪುಟ್ (ಸೆಕೆಂಡಿಗೆ ದಾಟಿಸುವ ಡೇಟಾ) ಮತ್ತು ಟಿಎಲ್‌ಎಸ್ ಇನ್‌ಸ್ಪೆಕ್ಷನ್ ಥ್ರೂಪುಟ್ (ಬಿಚ್ಚಿ ಪರೀಕ್ಷಿಸುವಾಗಿನ ಅದೇ ಲೆಕ್ಕ) ಅಂತ ಬೇರೆ ಬೇರೆ ಸಾಲಿನಲ್ಲೇ ಕೊಡುತ್ತವೆ, ಎರಡನೆಯದು ಬಹಳ ಕಡಿಮೆ ಇರುತ್ತದೆ. ಎಷ್ಟು ಇಳಿಯುತ್ತದೆ ಅನ್ನೋದು ಮಾಡೆಲ್, ಕೀ ಗಾತ್ರ, ಟ್ರಾಫಿಕ್ ಮೇಲೆ ನಿಂತಿದೆ, ಎಲ್ಲರಿಗೂ ಒಂದೇ ಶೇಕಡಾವಾರು ಹೇಳಲು ಬರುವುದಿಲ್ಲ.

ಹಾಗಂತ ಡಿಕ್ರಿಪ್ಷನ್ ಬೇಡ ಅಂತಲ್ಲ. ಅದಕ್ಕೆ ತಕ್ಕ ಫೈರ್‌ವಾಲ್ ಆರಿಸಿ, ಬ್ಯಾಂಕ್, ಆಸ್ಪತ್ರೆ ಸೈಟ್‌ಗಳನ್ನು ಡಿಕ್ರಿಪ್ಷನ್‌ನಿಂದ ಹೊರಗಿಡಿ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ, ಅದನ್ನು ನಂಬಿ ಚಿಕ್ಕ ಫೈರ್‌ವಾಲ್ ಕೊಂಡವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.