ಯೇಸುವಿನ ಕಥೆ ಹಳೆಯ ಪುರಾಣಗಳಿಂದ ಹುಟ್ಟಿದ್ದೇ? ಪರ ಮತ್ತು ವಿರೋಧ

ಡಿಸೆಂಬರ್ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಓಡಾಡುತ್ತದೆ. ಈಜಿಪ್ಟಿನ ಹೋರಸ್, ರೋಮಿನವರು ಪೂಜಿಸಿದ ಮಿಥ್ರ, ಅತ್ತಿಸ್, ನಮ್ಮ ಕೃಷ್ಣ, ಈ ದೇವರುಗಳೆಲ್ಲರೂ ಡಿಸೆಂಬರ್ 25ರಂದು ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದರು, ಸತ್ತು ಮೂರನೇ ದಿನ ಎದ್ದರು, ಯೇಸುವಿನ ಕಥೆ ಇವುಗಳ ನಕಲು ಅಂತ. ಕೆಲವರು ಅದನ್ನು ಖುಷಿಯಿಂದ ಹಂಚುತ್ತಾರೆ. ಕೆಲವರು ನೊಂದುಕೊಳ್ಳುತ್ತಾರೆ. ಆದರೆ ಪಟ್ಟಿಯ ಹಿಂದಿರುವ ಪ್ರಶ್ನೆ ಸಣ್ಣದಲ್ಲ. ಇನ್ನೂರು ವರ್ಷಗಳಿಂದ ವಿದ್ವಾಂಸರು ಇದರ ಮೇಲೆ ಕೆಲಸ ಮಾಡಿದ್ದಾರೆ. ಎರಡೂ ಕಡೆಯ ವಾದವನ್ನು ಅದು ಗಟ್ಟಿಯಾಗಿರುವ ಜಾಗದಲ್ಲೇ ಹಿಡಿದು ನೋಡೋಣ.

ಪರ: ಹೌದು, ನಮಗೆ ಗೊತ್ತಿರುವ ಕ್ರಿಸ್ತನ ಕಥೆ ಹಳೆಯ ಕಥೆಗಳಿಂದ ನೇಯ್ದದ್ದು

ಹೊಸ ಒಡಂಬಡಿಕೆಯನ್ನು, ಅಂದರೆ ಬೈಬಲಿನಲ್ಲಿ ಯೇಸುವಿನ ಕುರಿತ ಭಾಗವನ್ನು, ಅಚ್ಚಾದ ಕ್ರಮದಲ್ಲಿ ಓದಬೇಡಿ, ಬರೆದ ಕ್ರಮದಲ್ಲಿ ಓದಿ. ಮೊದಲು ಬರುವುದು ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳು. ಅವು ಕ್ರಿ.ಶ. 50ರ ದಶಕದ ಆಸುಪಾಸಿನವು. ಯೇಸು ಸತ್ತದ್ದು ಸುಮಾರು 30ರಲ್ಲಿ. ಬದುಕಿದ್ದ ಯೇಸುವಿನ ಜೊತೆ ಪೌಲ ಓಡಾಡಿದವನಲ್ಲ. ಅವನ ಪತ್ರಗಳಲ್ಲಿ ಬೆತ್ಲೆಹೇಮ್ ಇಲ್ಲ, ಕನ್ಯೆ ಇಲ್ಲ, ಕುರುಡರಿಗೆ ಕಣ್ಣು ಬಂದದ್ದಿಲ್ಲ, ನೀರಿನ ಮೇಲೆ ನಡೆದದ್ದಿಲ್ಲ. ಸತ್ತ, ಹೂಳಲ್ಪಟ್ಟ, ಎದ್ದ, ಕೆಲವರಿಗೆ ಕಾಣಿಸಿಕೊಂಡ. ಹೆಚ್ಚು ಕಡಿಮೆ ಅಷ್ಟೇ.

ಆಮೇಲೆ ಸುಮಾರು 70ರಲ್ಲಿ ಮಾರ್ಕನ ಸುವಾರ್ತೆ, ಅಂದರೆ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಮೊದಲು ಬರೆದದ್ದು. ಅದು ಬೆಳೆದು ದೊಡ್ಡವನಾದ ಯೇಸುವಿನಿಂದ ಶುರುವಾಗುತ್ತದೆ. ಹುಟ್ಟಿನ ಕಥೆಯೇ ಇಲ್ಲ. ಕೊನೆಯೂ ವಿಚಿತ್ರವಾಗಿದೆ. 4ನೇ ಶತಮಾನದ ಎರಡು ಹಳೆಯ ಪ್ರತಿಗಳಲ್ಲಿ ಅದು 16ನೇ ಅಧ್ಯಾಯದ 8ನೇ ವಚನಕ್ಕೆ ನಿಂತುಬಿಡುತ್ತದೆ. ಹೆಂಗಸರು ಬರಿದಾದ ಸಮಾಧಿಯಿಂದ ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಬರೆದ ಮತ್ತಾಯ ಇದಕ್ಕೆ ಭೂಕಂಪ ಸೇರಿಸುತ್ತಾನೆ, ಕಲ್ಲು ಉರುಳಿಸುವ ದೇವದೂತನನ್ನು ಸೇರಿಸುತ್ತಾನೆ. ಲೂಕನಲ್ಲಿ ಎದ್ದು ಬಂದ ಯೇಸು ಸುಟ್ಟ ಮೀನು ತಿನ್ನುತ್ತಾನೆ. ಯೋಹಾನನಲ್ಲಿ ತೋಮನಿಗೆ ಗಾಯ ಮುಟ್ಟಿ ನೋಡು ಅನ್ನುತ್ತಾನೆ. ಕಾಲ ಕಳೆದಂತೆ ಕಥೆ ಬೆಳೆದದ್ದು ಕಣ್ಣಿಗೆ ಕಾಣುತ್ತದೆ, ಅಲ್ವಾ?

ಹುಟ್ಟಿನ ಕಥೆ ಇರುವುದು ಮತ್ತಾಯ ಮತ್ತು ಲೂಕ ಇಬ್ಬರಲ್ಲಿ ಮಾತ್ರ. ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಮತ್ತಾಯನ ಪ್ರಕಾರ ಹೆರೋದ ರಾಜ ಬದುಕಿದ್ದಾಗ ಯೇಸು ಹುಟ್ಟಿದ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಲೂಕನ ಪ್ರಕಾರ ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಕಾಲದ ಜನಗಣತಿಯಲ್ಲಿ ಹುಟ್ಟಿದ. ಅದು ನಡೆದದ್ದು ಕ್ರಿ.ಶ. 6ರಲ್ಲಿ. ಮತ್ತಾಯನಲ್ಲಿ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡುತ್ತಾರೆ. ಲೂಕನಲ್ಲಿ ದೇವಾಲಯಕ್ಕೆ ಹೋಗಿ, ವಿಧಿ ಮುಗಿಸಿ, ನೆಮ್ಮದಿಯಾಗಿ ಊರಿಗೆ ಮರಳುತ್ತಾರೆ. ಹೆರೋದ ಬೆತ್ಲೆಹೇಮಿನ ಮಕ್ಕಳನ್ನು ಕೊಲ್ಲಿಸಿದ್ದನ್ನು ಮತ್ತಾಯ ಬಿಟ್ಟರೆ ಆ ಕಾಲದ ಬೇರೆ ಯಾರೂ ಹೇಳುವುದಿಲ್ಲ. ಹೆರೋದನ ಕ್ರೌರ್ಯವನ್ನೆಲ್ಲ ಪುಟಗಟ್ಟಲೆ ಬರೆದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಕೂಡ ಹೇಳುವುದಿಲ್ಲ. ಆ ರಾಜ ಸ್ವಂತ ಮಕ್ಕಳನ್ನೇ ಕೊಲ್ಲಿಸಿದ್ದನ್ನು ಬರೆದವನು ಇದನ್ನು ಬಿಡುತ್ತಿದ್ದನೇ?

ಈ ಕಥೆ ಎಲ್ಲಿಂದ ಬಂತು ಅಂತ ಹುಡುಕಲು ದೂರ ಹೋಗಬೇಕಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಈಜಿಪ್ಟಿನ ರಾಜ ಫರೋಹ ಇಬ್ರಿಯರ, ಅಂದರೆ ಯೆಹೂದ್ಯರ ಪೂರ್ವಜರ, ಗಂಡು ಮಕ್ಕಳನ್ನು ಕೊಲ್ಲಿಸುತ್ತಾನೆ, ಮೋಶೆ ಉಳಿಯುತ್ತಾನೆ. ಹೆರೊಡೋಟಸ್ ಹೇಳುವ ಪರ್ಷಿಯಾದ ಸೈರಸ್‌ನ ಕಥೆಯಲ್ಲಿ ತಾತನೇ ಹೆದರಿ ಮಗುವನ್ನು ಕೊಲ್ಲಲು ಕಳಿಸುತ್ತಾನೆ. ಕಂಸನ ಕಥೆ ನಮಗೆ ಹೇಳಿಕೊಡಬೇಕಿಲ್ಲ. ಹೆದರುವ ರಾಜ, ತಪ್ಪಿಸಿಕೊಳ್ಳುವ ಮಗು. ದೊಡ್ಡವರ ಹುಟ್ಟನ್ನು ಜಗತ್ತು ಹೀಗೇ ಹೇಳಿಕೊಂಡು ಬಂದಿದೆ.

ಸಾವಿನ ಕಥೆಗೂ ಮೂಲ ಇದೆ. ಯೆಹೂದ್ಯರ ಗ್ರಂಥದ 22ನೇ ಕೀರ್ತನೆಯನ್ನು ಒಮ್ಮೆ ಓದಿ. ನನ್ನ ದೇವರೇ, ಯಾಕೆ ಕೈಬಿಟ್ಟೆ ಎನ್ನುವ ಕೂಗು, ತಲೆ ಆಡಿಸಿ ಹಂಗಿಸುವ ಜನ, ಬಟ್ಟೆಗೆ ಚೀಟಿ ಹಾಕಿ ಹಂಚಿಕೊಳ್ಳುವವರು. ಎಲ್ಲ ಅಲ್ಲಿದೆ. ಯೇಸುವಿಗಿಂತ ಕೆಲವು ಶತಮಾನ ಹಿಂದಿನ ಪದ್ಯ ಅದು. ಮಾರ್ಕನ ಶಿಲುಬೆಯ ದೃಶ್ಯ ಅದರಿಂದಲೇ ಎದ್ದು ಬಂದಂತಿದೆ.

ಇನ್ನು ರೋಮ್. ಆಗಸ್ಟಸ್ ಚಕ್ರವರ್ತಿ ದೇವರ ಮಗ ಅಂತ ನಾಣ್ಯದ ಮೇಲೆ ಅಚ್ಚಾಗಿತ್ತು. ಅಪೊಲೊ ದೇವರು ಹಾವಿನ ರೂಪದಲ್ಲಿ ಅವನ ತಾಯಿಯ ಬಳಿ ಬಂದಿದ್ದ ಎನ್ನುವ ಕಥೆಯನ್ನು ರೋಮಿನ ಲೇಖಕ ಸ್ವೆಟೋನಿಯಸ್ ಬರೆದಿಟ್ಟಿದ್ದಾನೆ. ರೋಮ್ ಕಟ್ಟಿದ ರೋಮುಲಸ್ ಮೋಡದಲ್ಲಿ ಮರೆಯಾಗಿ, ಆಮೇಲೆ ಒಬ್ಬನಿಗೆ ಕಾಣಿಸಿಕೊಂಡು ಸಂದೇಶ ಕೊಟ್ಟ ಅಂತ ಇತಿಹಾಸಕಾರ ಲಿವಿ ಬರೆದಿದ್ದಾನೆ. ಸುವಾರ್ತೆಗಳನ್ನು ಗ್ರೀಕ್ ಭಾಷೆಯಲ್ಲಿ ಬರೆದವರು ಇಂಥ ಕಥೆಗಳ ಗಾಳಿಯಲ್ಲೇ ಉಸಿರಾಡಿದವರು.

ಇದು ಹೊರಗಿನವರ ಆರೋಪ ಅಂದುಕೊಂಡರೆ ತಪ್ಪು. ಸುಮಾರು 150ರಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಗುರು, ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟವನು, ಚಕ್ರವರ್ತಿಗೆ ಬರೆದ ಮನವಿಯಲ್ಲಿ ಇದನ್ನು ಒಪ್ಪುತ್ತಾನೆ. ಯೇಸು ಹುಟ್ಟಿದ್ದು, ಸತ್ತದ್ದು, ಸ್ವರ್ಗಕ್ಕೆ ಏರಿದ್ದು, ಇವು ನೀವು ಜೂಪಿಟರ್‌ನ ಮಕ್ಕಳ ಬಗ್ಗೆ ಹೇಳುವುದಕ್ಕಿಂತ ಬೇರೆಯಲ್ಲ ಅನ್ನುತ್ತಾನೆ. ಮಿಥ್ರನ ಭಕ್ತರು ರೊಟ್ಟಿ ಮತ್ತು ನೀರಿನ ಬಟ್ಟಲು ಇಟ್ಟು ಮಾಡುವ ವಿಧಿ ನಮ್ಮ ಪ್ರಭುಭೋಜನದಂತೆಯೇ ಇದೆ ಅನ್ನುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ, ದೆವ್ವಗಳು ನಕಲು ಮಾಡಿದವು ಎಂಬುದು. ಹೋಲಿಕೆ ಇಲ್ಲದಿದ್ದರೆ ಆ ಕಾರಣ ಬೇಕಾಗುತ್ತಿರಲಿಲ್ಲ.

ಬೆತ್ಲೆಹೇಮ್‌ನಲ್ಲೇ ಬಾಳಿದ ಕ್ರೈಸ್ತ ವಿದ್ವಾಂಸ ಜೆರೋಮ್ ಇನ್ನೂ ಒಂದು ಮಾತು ಬರೆದಿದ್ದಾನೆ. ಯೇಸು ಹುಟ್ಟಿದ ಗುಹೆ ಅಂತ ತೋರಿಸುವ ಜಾಗದ ಮೇಲೆ ಒಂದು ಕಾಲಕ್ಕೆ ಮೆಸೊಪೊಟೇಮಿಯದ ಹಳೆಯ ದೇವರು ತಮ್ಮೂಜನ ತೋಪು ಇತ್ತಂತೆ. ಸತ್ತ ತಮ್ಮೂಜನಿಗಾಗಿ ಅಲ್ಲಿ ಅಳುತ್ತಿದ್ದರಂತೆ. ಯೆರೂಸಲೇಮಿನ ದೇವಾಲಯದ ಬಾಗಿಲಲ್ಲೇ ಹೆಂಗಸರು ತಮ್ಮೂಜನಿಗಾಗಿ ಅತ್ತದ್ದನ್ನು ಪ್ರವಾದಿ ಯೆಹೆಜ್ಕೇಲ ಅದಕ್ಕೂ ಎಷ್ಟೋ ಮೊದಲು ಬರೆದಿದ್ದ. ಸಾಯುವ ದೇವರಿಗಾಗಿ ಅಳುವುದು ಆ ನೆಲಕ್ಕೆ ಹೊಸದಲ್ಲ.

ಹಾಗಾದರೆ ಯೇಸು ಇರಲೇ ಇಲ್ಲವೇ? ನಾನು ಹಾಗೆ ಹೇಳುತ್ತಿಲ್ಲ. ಗಲಿಲಾಯದಲ್ಲಿ ಒಬ್ಬ ಬೋಧಕ ಇದ್ದಿರಬಹುದು. ಆದರೆ ಚರ್ಚಿನಲ್ಲಿ ಪೂಜೆಗೊಳ್ಳುವ ಕ್ರಿಸ್ತನಿಗೂ ಆ ಮನುಷ್ಯನಿಗೂ ನಡುವೆ ಕಥೆಗಳ ದಟ್ಟ ಪದರ ಇದೆ. 1835ರಲ್ಲಿ ಜರ್ಮನಿಯ ಡೇವಿಡ್ ಸ್ಟ್ರೌಸ್ ಇದನ್ನು ಬಿಡಿಸಿ ಬರೆದ. ಅವನು ಕೆಲಸ ಕಳೆದುಕೊಂಡ. ಅವನು ಎತ್ತಿದ ಪ್ರಶ್ನೆಗಳು ಮಾತ್ರ ಹೋಗಲಿಲ್ಲ.

ವಿರೋಧ: ಇಲ್ಲ, ಮೂಲದಲ್ಲಿ ಇರುವುದು ಪುರಾಣವಲ್ಲ, ಒಬ್ಬ ಮನುಷ್ಯ

ಮೊದಲು ಆ ಪಟ್ಟಿಯ ವಿಷಯ. ಅದನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯನಾದವನು ಅಮೆರಿಕದ ಕರ್ಸಿ ಗ್ರೇವ್ಸ್. 1875ರಲ್ಲಿ ಅವನು ಬರೆದ ಪುಸ್ತಕದಲ್ಲಿ ಶಿಲುಬೆಗೇರಿದ ಹದಿನಾರು ರಕ್ಷಕರ ಲೆಕ್ಕ ಇದೆ. ಅದರಲ್ಲಿ ನಮ್ಮ ಕೃಷ್ಣನೂ ಒಬ್ಬ. ಇಲ್ಲಿ ಕನ್ನಡದ ಓದುಗರಿಗೆ ಯಾವ ವಿದ್ವಾಂಸರ ಸಹಾಯವೂ ಬೇಡ. ಕೃಷ್ಣ ದೇವಕಿಯ ಎಂಟನೇ ಮಗು, ಕನ್ಯೆಯ ಮಗನಲ್ಲ. ಹುಟ್ಟಿದ್ದು ಶ್ರಾವಣದ ಅಷ್ಟಮಿಯಲ್ಲಿ, ಡಿಸೆಂಬರ್‌ನಲ್ಲಿ ಅಲ್ಲ. ಸತ್ತದ್ದು ಜರ ಎಂಬ ಬೇಡನ ಬಾಣ ಕಾಲಿಗೆ ತಾಗಿ. ಮಹಾಭಾರತದ ಮೌಸಲ ಪರ್ವದಲ್ಲಿ ಇದೆ. ಶಿಲುಬೆ ಎಲ್ಲಿಂದ ಬಂತು? ನಮಗೆ ಗೊತ್ತಿರುವ ಕಥೆಯಲ್ಲೇ ಇಷ್ಟು ತಪ್ಪು ಇದ್ದರೆ, ಗೊತ್ತಿಲ್ಲದ ಅತ್ತಿಸ್, ಮಿಥ್ರರ ಬಗ್ಗೆ ಆ ಪಟ್ಟಿಯನ್ನು ಹೇಗೆ ನಂಬುವುದು?

ನಂಬಬಾರದು. ರೋಮಿನ ಮಿಥ್ರ ಹುಟ್ಟಿದ್ದು ಬಂಡೆಯಿಂದ. ಅವನು ಸತ್ತು ಎದ್ದ ಅಂತ ಹೇಳುವ ಹಳೆಯ ಬರಹ ಒಂದೂ ಇಲ್ಲ. ರೋಮ್ ಸಾಮ್ರಾಜ್ಯದಲ್ಲಿ ಅವನ ಪಂಥದ ಕುರುಹು ಸಿಗುವುದೇ 1ನೇ ಶತಮಾನದ ಕೊನೆಯಿಂದ. ಪೌಲನ ಪತ್ರಗಳು ಅದಕ್ಕಿಂತ ಹಳೆಯವು. ಹೋರಸ್‌ನ ತಂದೆ ಒಸಿರಿಸ್‌ನ ತುಂಡುಗಳನ್ನು ಅವನ ಹೆಂಡತಿ ಇಸಿಸ್ ಹುಡುಕಿ ಕೂಡಿಸುತ್ತಾಳೆ, ನಿಜ. ಆದರೆ ಅವನು ಈ ಲೋಕಕ್ಕೆ ಮರಳುವುದಿಲ್ಲ, ಸತ್ತವರ ಲೋಕದ ರಾಜನಾಗುತ್ತಾನೆ. ಅತ್ತಿಸ್ ಎದ್ದು ಬಂದ ಎನ್ನುವ ಸ್ಪಷ್ಟ ಮಾತು ಸಿಗುವುದು ಕ್ರೈಸ್ತ ಧರ್ಮ ಹರಡಿದ ಮೇಲಿನ ಬರಹಗಳಲ್ಲಿ.

ಸಾಯುವ, ಏಳುವ ದೇವರು ಎಂಬ ಒಂದೇ ಗುಂಪನ್ನು ಕಟ್ಟಿ ನಿಲ್ಲಿಸಿದ್ದು 1890ರಲ್ಲಿ ವಿದ್ವಾಂಸ ಜೇಮ್ಸ್ ಫ್ರೇಜರ್. ಆ ಗುಂಪೇ ಸಡಿಲ ಅಂತ 1987ರಲ್ಲಿ ಜೊನಾಥನ್ ಸ್ಮಿತ್ ತೋರಿಸಿದರು. 2001ರಲ್ಲಿ ಸ್ವೀಡನ್ನಿನ ಮೆಟಿಂಗರ್, ಇಲ್ಲ, ದುಮುಜಿ (ತಮ್ಮೂಜನದೇ ಹಳೆಯ ಹೆಸರು), ಕಾನಾನಿನ ಬಾಳ್‌ನಂಥ ಕೆಲವು ದೇವರುಗಳು ನಿಜವಾಗಿ ಮರಳಿ ಬರುತ್ತಿದ್ದರು ಅಂದರು. ಆದರೆ ಅದೇ ಮೆಟಿಂಗರ್, ಯೇಸುವಿನ ಪುನರುತ್ಥಾನದ ಕಥೆ ಅಲ್ಲಿಂದ ಬಂತು ಎನ್ನಲು ಆಧಾರ ಇಲ್ಲ ಅಂತಲೂ ಬರೆದರು. ಆ ದೇವರುಗಳು ಋತುಗಳ ಜೊತೆ ಹೋಗಿ ಬರುವವರು. ಯೇಸು ಪೊಂತ್ಯ ಪಿಲಾತ ಎಂಬ ರೋಮನ್ ಅಧಿಕಾರಿಯ ಕೈಯಲ್ಲಿ, ಯೆಹೂದ್ಯರ ಒಂದು ಪಸ್ಕ ಹಬ್ಬದ ಹೊತ್ತಿಗೆ ಸತ್ತವನು. ಆ ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ.

22ನೇ ಕೀರ್ತನೆಯ ಮಾತು, ಮೋಶೆಯ ಮಾತು, ಇವನ್ನು ನಾನು ಒಪ್ಪುತ್ತೇನೆ. ಯೇಸುವಿನ ಶಿಷ್ಯರು ಯೆಹೂದ್ಯರು. ತಮ್ಮ ಕಣ್ಣೆದುರು ನಡೆದದ್ದನ್ನು ತಮ್ಮ ಗ್ರಂಥದ ಮಾತಿನಲ್ಲೇ ಹೇಳಿದರು. ಅದರಿಂದ ಮನುಷ್ಯ ಸುಳ್ಳಾಗುವುದಿಲ್ಲ. ಭೀಮಕವಿ 1369ರಲ್ಲಿ ಬರೆದ ಬಸವಪುರಾಣದಲ್ಲಿ ಬಸವಣ್ಣ ನಂದಿಯ ಅವತಾರ. ಪವಾಡಗಳು ಒಂದರ ಮೇಲೊಂದು ಬರುತ್ತವೆ. ಹಾಗಂತ ಬಸವಣ್ಣ ಇರಲಿಲ್ಲ ಅಂತ ಯಾರಾದರೂ ಹೇಳುತ್ತಾರಾ? ವಚನಗಳಿವೆ, 1260ರ ಅರ್ಜುನವಾಡದ ಶಾಸನವಿದೆ. ಪುರಾಣ ನಂತರ ಬಂತು.

ಹುಟ್ಟಿನ ಎರಡು ಕಥೆಗಳು ಹೊಂದುವುದಿಲ್ಲ ಎನ್ನುವುದೂ ಸರಿ. ಆದರೆ ಅವು ಯಾಕೆ ಹೊಂದುವುದಿಲ್ಲ ಅಂತ ಕೇಳಿ. ಮೆಸ್ಸೀಯ, ಅಂದರೆ ಯೆಹೂದ್ಯರು ಕಾಯುತ್ತಿದ್ದ ರಕ್ಷಕ, ಬೆತ್ಲೆಹೇಮ್‌ನಿಂದ ಬರಬೇಕು ಎನ್ನುವುದು ಪ್ರವಾದಿ ಮೀಕನ ಮಾತು. ಯೇಸು ಮಾತ್ರ ನಜರೇತಿನವನು. ಹಳೆಯ ಒಡಂಬಡಿಕೆಯಲ್ಲಿ ಹೆಸರೇ ಇಲ್ಲದ, ಯಾರೂ ಕೇಳದ ಹಳ್ಳಿ. ಈ ಮನುಷ್ಯನನ್ನು ಬೆತ್ಲೆಹೇಮ್‌ಗೆ ಸೇರಿಸಲು ಮತ್ತಾಯ ಒಂದು ದಾರಿ ಹುಡುಕಿದ, ಲೂಕ ಜನಗಣತಿ ತಂದ. ಕಟ್ಟುಕಥೆಯಾಗಿದ್ದರೆ ಈ ಕಷ್ಟ ಯಾಕೆ? ಬೆತ್ಲೆಹೇಮಿನ ಯೇಸು ಅಂತಲೇ ಶುರು ಮಾಡಿದ್ದರೆ ಮುಗಿಯುತ್ತಿತ್ತು. ನಜರೇತ್ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ಅಳಿಸಲು ಆಗಲಿಲ್ಲ. ದೀಕ್ಷಾಸ್ನಾನ ಕೊಡುತ್ತಿದ್ದ ಯೋಹಾನನಿಂದ (ಸುವಾರ್ತೆಯ ಯೋಹಾನನಲ್ಲ) ಯೇಸು ಸ್ನಾನ ಮಾಡಿಸಿಕೊಂಡದ್ದೂ ಹಾಗೆಯೇ. ಪಾಪ ಬಿಡುವವರು ಮಾಡಿಸಿಕೊಳ್ಳುವ ಸ್ನಾನ ದೇವರ ಮಗನಿಗೆ ಯಾಕೆ? ಮಾರ್ಕ ನೇರವಾಗಿ ಹೇಳುತ್ತಾನೆ. ಮತ್ತಾಯನಲ್ಲಿ ಯೋಹಾನ ಬೇಡ ಬೇಡ ಅನ್ನುತ್ತಾನೆ. ನಾಲ್ಕನೇ ಸುವಾರ್ತೆ ಆ ಸ್ನಾನವನ್ನು ಹೇಳುವುದೇ ಇಲ್ಲ. ತಮಗೇ ಮುಜುಗರ ತರುವ ಸಂಗತಿಯನ್ನು ಯಾರೂ ಕಟ್ಟುವುದಿಲ್ಲ.

ಡಿಸೆಂಬರ್ 25ರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಸುವಾರ್ತೆಗಳಲ್ಲಿ ಯಾವ ದಿನವೂ ಇಲ್ಲ. ಆ ಹಬ್ಬದ ಮೊದಲ ಗಟ್ಟಿ ದಾಖಲೆ 4ನೇ ಶತಮಾನದ ರೋಮಿನದು. ಅರ್ಮೇನಿಯದ ಚರ್ಚು ಇಂದಿಗೂ ಜನವರಿ 6ರಂದು ಆಚರಿಸುತ್ತದೆ. ಮುನ್ನೂರು ವರ್ಷ ಆದ ಮೇಲೆ ಗೊತ್ತುಮಾಡಿದ ತಾರೀಖು ಮೂಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಜಸ್ಟಿನ್ ಬರೆದದ್ದೂ ನೂರ ಇಪ್ಪತ್ತು ವರ್ಷದ ಮೇಲೆ. ಅವನು ಚಕ್ರವರ್ತಿಯ ಮುಂದೆ ತನ್ನ ಜನರ ಪ್ರಾಣಕ್ಕಾಗಿ ವಾದಿಸುತ್ತಿದ್ದ. ನಾವು ನಿಮಗಿಂತ ವಿಚಿತ್ರದವರಲ್ಲ ಅಂತ ಹೇಳಲೇಬೇಕಿತ್ತು.

ಈಗ ಪೌಲನ ಕಡೆಗೆ ಬರೋಣ. ಪರ ವಾದ ಅವನ ಮೌನವನ್ನು ಎತ್ತಿ ಹಿಡಿಯಿತು. ಅವನು ಹೇಳಿದ್ದನ್ನೂ ಕೇಳಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಯೆರೂಸಲೇಮಿಗೆ ಹೋಗಿ ಯೇಸುವಿನ ಮುಖ್ಯ ಶಿಷ್ಯ ಪೇತ್ರನ ಜೊತೆ ಹದಿನೈದು ದಿನ ಇದ್ದೆ, ಪ್ರಭುವಿನ ತಮ್ಮ ಯಾಕೋಬನನ್ನೂ ನೋಡಿದೆ ಅನ್ನುತ್ತಾನೆ. ಅದು ಶಿಲುಬೆಯ ಘಟನೆಯಾಗಿ ಹತ್ತು ವರ್ಷದ ಒಳಗಿನ ಮಾತು. ಮುಂದೆ ಅಂತಿಯೋಕ್ಯದಲ್ಲಿ, ಯಾಕೋಬನ ಕಡೆಯವರು ಬಂದಾಗ ಪೇತ್ರ ಯೆಹೂದ್ಯರಲ್ಲದವರ ಜೊತೆಗಿನ ಊಟದ ಪಂಕ್ತಿ ಬಿಟ್ಟು ಎದ್ದ, ನಾನು ಎಲ್ಲರೆದುರು ಬೈದೆ ಅಂತ ಕೋಪದಲ್ಲೇ ಬರೆಯುತ್ತಾನೆ. ಪುರಾಣದ ದೇವರಿಗೂ ತಮ್ಮಂದಿರು ಇರುತ್ತಾರೆ. ಆದರೆ ಆ ತಮ್ಮನ ಕಡೆಯವರಿಂದ ಎದ್ದ ಜಗಳದ ಪತ್ರ ನಮ್ಮ ಕೈಗೆ ಸಿಗುವುದಿಲ್ಲ.

ಜೋಸೆಫಸ್‌ನ ಪುಸ್ತಕದಲ್ಲಿ ಯೇಸುವಿನ ಬಗ್ಗೆ ಎರಡು ಕಡೆ ಮಾತಿದೆ. ಒಂದು ಕಡೆ ಕ್ರೈಸ್ತ ನಕಲುಗಾರರ ಕೈ ಆಡಿದೆ, ಅದನ್ನು ಬಿಟ್ಟುಬಿಡೋಣ. ಇನ್ನೊಂದರಲ್ಲಿ, 62ರಲ್ಲಿ ಮಹಾಯಾಜಕ ಅನನ ಎಂಬವನು, ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬನನ್ನು ಕಲ್ಲೆಸೆದು ಕೊಲ್ಲಿಸಿದ ಅಂತ ಇದೆ. ಯಾಜಕರ ಮನೆತನದ ಜೋಸೆಫಸ್ 37ರಲ್ಲಿ ಹುಟ್ಟಿದ್ದೇ ಯೆರೂಸಲೇಮಿನಲ್ಲಿ. ಕೊಲೆಯಾದಾಗ ಅವನಿಗೆ ಸುಮಾರು ಇಪ್ಪತ್ತೈದು ವರ್ಷ. ಅವನಿಗೆ ಕ್ರೈಸ್ತರ ಮೇಲೆ ಪ್ರೀತಿ ಏನೂ ಇರಲಿಲ್ಲ. ಸುಮಾರು 116ರಲ್ಲಿ ಬರೆದ ರೋಮಿನ ಇತಿಹಾಸಕಾರ ಟ್ಯಾಸಿಟಸ್‌ಗಂತೂ ಅವರೆಂದರೆ ಅಸಹ್ಯ. ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ ಪಿಲಾತನಿಂದ ಕ್ರಿಸ್ತನಿಗೆ ಮರಣದಂಡನೆ ಆಯಿತು ಅಂತ ಅವನೂ ಬರೆದ.

ಕೊನೆಗೆ ಶಿಲುಬೆ. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು ಎನ್ನುವುದು ಮೋಶೆಯ ಧರ್ಮಶಾಸ್ತ್ರ. ಜನ ಕಾಯುತ್ತಿದ್ದದ್ದು ರೋಮನ್ನರನ್ನು ಓಡಿಸುವ ಮೆಸ್ಸೀಯನಿಗೆ. ರೋಮನ್ನರೇ ಮೊಳೆ ಹೊಡೆದು ಕೊಂದ ಮೆಸ್ಸೀಯನನ್ನು ಯಾವ ಯೆಹೂದ್ಯನೂ ಸುಮ್ನೆ ಕಲ್ಪಿಸಿಕೊಳ್ಳುವುದಿಲ್ಲ. ಅದು ಅವರ ಮೇಲೆ ಬಂದು ಬಿದ್ದ ಸಂಗತಿ. ಅದೇ ಕಾಲದಲ್ಲಿ ತೆಯುದ ಎಂಬವನು ಯೊರ್ದನ್ ನದಿಯನ್ನು ಇಬ್ಭಾಗ ಮಾಡುತ್ತೇನೆ ಅಂತ ಜನರನ್ನು ಕರೆದೊಯ್ದ. ರೋಮನ್ನರು ತಲೆ ಕಡಿದು ಯೆರೂಸಲೇಮಿಗೆ ತಂದರು, ಅವನ ಚಳವಳಿ ಅಲ್ಲಿಗೆ ಮುಗಿಯಿತು. ಯೇಸುವಿನವರು ಮಾತ್ರ ಚದುರಿಹೋಗಲಿಲ್ಲ. ಆತನನ್ನು ಕೊಂದ ಊರಿನಲ್ಲೇ ಗುಂಪು ಕಟ್ಟಿ ಕೂತರು. ಸತ್ತವನು ಎದ್ದನೋ ಇಲ್ಲವೋ ಎಂಬುದನ್ನು ಇತಿಹಾಸದಿಂದ ತೀರ್ಮಾನಿಸಲಾಗದು. ಆದರೆ ನೋಡಿದೆವು ಅಂದವರ ಪಟ್ಟಿಯನ್ನು ಪೌಲ ಕೊರಿಂಥದವರಿಗೆ ಬರೆದು ಕಳಿಸಿದ. ಪೇತ್ರ, ಹನ್ನೆರಡು ಮಂದಿ, ಐನೂರಕ್ಕೂ ಜಾಸ್ತಿ ಸಹೋದರರು, ಯಾಕೋಬ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಸೇರಿಸಿದ. ಹೆಸರು ಹೇಳಿದ ಇಬ್ಬರ ಜೊತೆ ಅವನು ಯೆರೂಸಲೇಮಿನಲ್ಲಿ ಮುಖಾಮುಖಿ ಮಾತಾಡಿದ್ದ.