ಎಡಗೈಯವರ ಮೊದಲ ಪಿಸ್ತೂಲು: ಕಂಪನಿಯ ಹೆಸರಿಗಿಂತ ಮೊದಲು ಹಿಡಿಕೆ ನೋಡಿ

ಪಿಸ್ತೂಲ್ ಶೂಟಿಂಗ್ ಕಲಿಯಲು ಹೊರಟ ಎಡಗೈಯವರಿಗೆ ನಮ್ಮ ಕಡೆ ಸಿಗುವ ಮೊದಲ ಸಲಹೆ, "ಹೇಗೂ ಹೊಸದಾಗಿ ಕಲಿಯುವುದಲ್ಲವೇ, ಬಲಗೈಯಲ್ಲೇ ಕಲಿತುಬಿಡಿ" ಎಂಬುದು. ಹೇಳುವವರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ರೇಂಜಿನಲ್ಲಿ, ಅಂದರೆ ಗುರಿ ಹೊಡೆಯುವ ತಾಣದಲ್ಲಿ, ಅಭ್ಯಾಸಕ್ಕೆಂದು ಇಟ್ಟಿರುವ ಪಿಸ್ತೂಲುಗಳ ಹಿಡಿಕೆ ಬಲಗೈಗೆ ಕೆತ್ತಿದ್ದು, ಮಾರುವವರಲ್ಲಿ ದಾಸ್ತಾನು ಇರುವುದೂ ಬಲಗೈಯದೇ. ಅದರ ಮೇಲೆ, ಎಡಗೈಯಲ್ಲಿ ಪ್ರಸಾದ ತೆಗೆದುಕೊಳ್ಳಬಾರದು, ಎಡಗೈಯಲ್ಲಿ ದುಡ್ಡು ಕೊಡಬಾರದು ಎಂದು ಮಕ್ಕಳ ಕೈಗೆ ಏಟು ಕೊಟ್ಟು ತಿದ್ದಿದ ಊರು ನಮ್ಮದು. ಆದರೆ ಪಿಸ್ತೂಲಿನ ವಿಷಯದಲ್ಲಿ ಈ ಸಲಹೆ ತಪ್ಪು ಎಂಬುದು ಎಡಗೈಯಲ್ಲೇ ಗುರಿ ಹಿಡಿಯುವ ನನ್ನ ಖಚಿತ ಅಭಿಪ್ರಾಯ. ಮಣಿಪಾಲದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು, ಅವಳೂ ಎಡಗೈಯವಳೇ, "ಮಾವ, ಯಾವ ಪಿಸ್ತೂಲು ತೆಗೆದುಕೊಳ್ಳಲಿ?" ಎಂದು ಈಚೆಗೆ ಕೇಳಿದಾಗ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಯಾವ ಬಗೆಯ ಪಿಸ್ತೂಲಿನ ಮಾತು ಎಂಬುದು ಸ್ಪಷ್ಟವಾಗಿರಲಿ. ಎಡಗೈಯವರಿಗೆ ಯಾವ ಹ್ಯಾಂಡ್‌ಗನ್ ಒಳ್ಳೆಯದೆಂದು ಯೂಟ್ಯೂಬಿನಲ್ಲಿ ಹುಡುಕಿದರೆ ಸಿಗುವುದು ಬಹುಪಾಲು ಅಮೆರಿಕದವರ ವಿಡಿಯೋಗಳು. ಮ್ಯಾಗಜಿನ್ ಬಿಡಿಸುವ ಗುಂಡಿಯನ್ನು ಬಲಬದಿಗೆ ಬದಲಿಸಬಹುದೇ, ಸೇಫ್ಟಿ ಎರಡೂ ಬದಿಯಲ್ಲಿದೆಯೇ, ಬಲಕ್ಕೆ ಹಾರುವ ಖಾಲಿ ಕಾಡತೂಸು ಎಡಗೈಯವರ ಮುಖದ ಮುಂದೆ ಹಾದುಹೋಗುತ್ತದೆಯೇ ಎಂಬ ಅವರ ಚರ್ಚೆಗೆ ಅಲ್ಲಿ ಅರ್ಥವಿದೆ. ಆದರೆ ಅವರು ತೋರಿಸುವ 9 ಎಂ.ಎಂ. ಪಿಸ್ತೂಲು ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್ (ನಳಿಕೆಯ ಒಳವ್ಯಾಸ). ಪರವಾನಗಿ ಪಡೆದು .32 ಬೋರಿನ ಪಿಸ್ತೂಲು ಇಟ್ಟುಕೊಳ್ಳುವುದು ಬೇರೆಯೇ ದಾರಿ, ಅದರ ಉದ್ದೇಶವೂ ಬೇರೆ. ಸುಳ್ಯ, ಬೆಳ್ತಂಗಡಿ, ಕಾರ್ಕಳದ ಕಡೆ ಹಂದಿ, ಮಂಗಗಳ ಕಾಟಕ್ಕೆಂದು ಕೋವಿ ಇಟ್ಟುಕೊಂಡ ಕೃಷಿಕರನ್ನು ಕೇಳಿದರೆ, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು ಮತ್ತೆ ಬಿಡಿಸಿಕೊಂಡು ಬರುವ ಕಷ್ಟವನ್ನು ಅವರೇ ಹೇಳುತ್ತಾರೆ. ಗುರಿ ಹೊಡೆಯುವುದನ್ನು ಕಲಿಯಬೇಕೆಂಬುವವರಿಗೆ ಆ ತಾಪತ್ರಯದ ಅಗತ್ಯವೇ ಇಲ್ಲ.

ಕಲಿಯುವವರ ಮೊದಲ ಪಿಸ್ತೂಲು, ಹತ್ತು ಮೀಟರ್ ದೂರದ ಗುರಿಗೆ ಒತ್ತಿದ ಗಾಳಿಯಿಂದ ಹೊಡೆಯುವ ಏರ್ ಪಿಸ್ತೂಲು. 4.5 ಮಿ.ಮೀ., ಅಂದರೆ .177 ಬೋರ್ ಮೀರದ, 20 ಜೂಲ್‌ಗಿಂತ ಹೆಚ್ಚಿನ ಶಕ್ತಿಯಿಲ್ಲದ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಅರ್ಧ ಗ್ರಾಮ್ ತೂಕದ ಸೀಸದ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೂ ಅದರ ಶಕ್ತಿ ಆರು ಜೂಲ್ ದಾಟುವುದಿಲ್ಲ; ಸ್ಪರ್ಧೆಯ ಏರ್ ಪಿಸ್ತೂಲು ಇಷ್ಟರೊಳಗೇ ಕೆಲಸ ಮಾಡುತ್ತದೆ. ಹಾಗೆಂದು ಅದು ಆಟಿಕೆಯಲ್ಲ. ಕಣ್ಣು ಕಳೆಯಲು ಅಷ್ಟು ಶಕ್ತಿ ಧಾರಾಳ ಸಾಕು.

ಪಿಸ್ತೂಲಿಗಿಂತಲೂ ಮೊದಲು ನೋಡಿಕೊಳ್ಳಬೇಕಾದದ್ದು ಕಣ್ಣು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು ನಡುವೆ ಸಣ್ಣ ಕಿಂಡಿ ಮಾಡಿ, ಆ ಕಿಂಡಿಯೊಳಗಿಂದ ಎದುರುಗೋಡೆಯ ಸ್ವಿಚ್ಚನ್ನು ಎರಡೂ ಕಣ್ಣು ತೆರೆದು ನೋಡಿರಿ. ಬಳಿಕ ಒಂದೊಂದೇ ಕಣ್ಣು ಮುಚ್ಚಿದರೆ, ಯಾವ ಕಣ್ಣಿಗೆ ಸ್ವಿಚ್ಚು ಕಿಂಡಿಯಲ್ಲೇ ಉಳಿಯುತ್ತದೆಯೋ ಅದೇ ನಿಮ್ಮ ಪ್ರಧಾನ ಕಣ್ಣು. ಕೈಯೂ ಎಡ, ಕಣ್ಣೂ ಎಡ ಎಂದಾದರೆ ಯೋಚಿಸುವುದಕ್ಕೆ ಏನೂ ಇಲ್ಲ. ಕೈ ಎಡವಾಗಿ ಕಣ್ಣು ಬಲವಾಗಿದ್ದಾಗ ಮಾತ್ರ ಬಲಗೈಯ ಸಲಹೆಗಾರರು ಹುರುಪಿನಿಂದ ಮುಂದೆ ಬರುತ್ತಾರೆ. ರೈಫಲ್ ಆಗಿದ್ದರೆ ಅವರ ವಾದವನ್ನು ನಾನೂ ಅರ್ಧ ಒಪ್ಪುತ್ತೇನೆ, ಏಕೆಂದರೆ ರೈಫಲಿನ ಹಿಂಭಾಗ ಕೆನ್ನೆಗೆ ಒತ್ತಿಕೊಂಡಿರುವುದರಿಂದ ಭುಜ ಯಾವುದೋ ಕಣ್ಣೂ ಅದೇ ಆಗಬೇಕಾಗುತ್ತದೆ. ಪಿಸ್ತೂಲು ಇರುವುದು ಚಾಚಿದ ಕೈಯ ತುದಿಯಲ್ಲಿ. ಅಷ್ಟು ದೂರದಲ್ಲಿರುವ ಸೈಟನ್ನು (ಗುರಿ ನೋಡಲು ಪಿಸ್ತೂಲಿನ ಮೇಲಿರುವ ಕಚ್ಚು, ಮೊನೆ) ಬಲಗಣ್ಣಿನ ಮುಂದೆ ತರಲು ತಲೆಯನ್ನು ತುಸು ತಿರುಗಿಸಿ, ಪಾದಗಳ ಕೋನವನ್ನು ಸ್ವಲ್ಪ ಬದಲಿಸಿದರೆ ಸಾಕು. ಇನ್ನೊಂದು ಕಣ್ಣನ್ನು ಮುಚ್ಚಿ ಮುಖ ಬಿಗಿ ಮಾಡಿಕೊಳ್ಳುವ ಬದಲು ಅದರ ಮುಂದೆ ಮಸುಕು ಪಟ್ಟಿ ಹಾಕಿಕೊಳ್ಳಬಹುದು. ಸ್ಪರ್ಧೆಯ ನಿಯಮದಲ್ಲಿ ಅದಕ್ಕೆ 30 ಮಿ.ಮೀ. ಅಗಲದವರೆಗೆ ಅವಕಾಶವಿದೆ.

ಕೈ ಬದಲಿಸಬಹುದು ಎನ್ನುವವರು ಉದಾಹರಣೆಗೆ ತರುವುದು ಹಂಗೇರಿಯ ಕಾರೊಯಿ ತಕಾಚ್‌ನನ್ನು. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾದ ಮೇಲೆ ಎಡಗೈಯಲ್ಲಿ ಕಲಿತು, 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದವನು ಅವನು. ಅವನ ಸಾಧನೆಗೆ ಕೈ ಮುಗಿಯುತ್ತೇನೆ. ಆದರೆ ಅವನು ಕೈ ಬದಲಿಸಿದ್ದು ಗುರಿ ಹಿಡಿಯುತ್ತಿದ್ದ ಕೈ ಕೆಲಸಕ್ಕೆ ಬಾರದಂತಾದ್ದರಿಂದಲೇ ಹೊರತು ಅಂಗಡಿಯಲ್ಲಿ ಹಿಡಿಕೆ ಸಿಗಲಿಲ್ಲವೆಂದಲ್ಲ.

ಇನ್ನು ಹಿಡಿಕೆಯ ವಿಷಯ. ಎಡಗೈಯವರ ಆಯ್ಕೆಯ ಮುಕ್ಕಾಲು ಪಾಲು ಇದರಲ್ಲೇ ಮುಗಿಯುತ್ತದೆ. ಮೊರಿನಿ, ಸ್ಟೈಯರ್, ಪಾರ್ಡಿನಿ, ವಾಲ್ಟರ್, ಫೈನ್‌ವೆರ್ಕ್‌ಬೌ ಇವುಗಳಲ್ಲಿ ಯಾವುದು ಮೇಲು ಎಂಬ ವಾದ ರೇಂಜುಗಳಲ್ಲಿ ಚಹಾದ ಹೊತ್ತಿನಲ್ಲಿ ಮುಗಿಯದೆ ನಡೆಯುತ್ತಿರುತ್ತದೆ. ಕಲಿಯುವವರ ಮಟ್ಟಿಗೆ ಆ ವ್ಯತ್ಯಾಸ ನಗಣ್ಯ. ಈ ದರ್ಜೆಯ ಪಿಸ್ತೂಲುಗಳಲ್ಲಿ ನಳಿಕೆ, ಟ್ರಿಗರ್, ಒತ್ತಿದ ಗಾಳಿ ತುಂಬುವ ಸಿಲಿಂಡರ್‌ಗಳಿಗೆ ಎಡ ಬಲವೆಂಬ ಭೇದವಿಲ್ಲ. ಭೇದವಿರುವುದು ಮರದ ಹಿಡಿಕೆಯಲ್ಲಿ ಮಾತ್ರ. ಬಲಗೈಯ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದರೆ, ಹೆಬ್ಬೆರಳಿಗೆಂದು ಬಿಟ್ಟ ಉಬ್ಬು ಅಂಗೈಗೆ ಒತ್ತುತ್ತದೆ, ಬೆರಳುಗಳಿಗೆ ಕೆತ್ತಿದ ತಗ್ಗುಗಳಲ್ಲಿ ಬೆರಳು ಕೂರುವುದಿಲ್ಲ, ಅಂಗೈಯ ಬುಡಕ್ಕೆ ಆಸರೆಯಾಗಬೇಕಾದ ಹಲಗೆ ತಪ್ಪು ಬದಿಗೆ ಚಾಚಿಕೊಂಡಿರುತ್ತದೆ. ಆಗ ಪಿಸ್ತೂಲನ್ನು ನೆಟ್ಟಗೆ ನಿಲ್ಲಿಸಲು ಮಣಿಕಟ್ಟು ಪ್ರತಿ ಗುಂಡಿಗೂ ಬೇರೆ ಬೇರೆ ರೀತಿಯಲ್ಲಿ ತಿರುಚಿಕೊಳ್ಳುತ್ತದೆ. ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 33 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಂಡರೆ, ಅವೆರಡರ ಹೊಂದಾಣಿಕೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ಹತ್ತು ಮೀಟರ್ ದೂರದ ಗುರಿಯಲ್ಲಿ ಅದು ಸುಮಾರು 30 ಮಿ.ಮೀ. ಆಗುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿ.ಮೀ. ಆಗಿರುವಾಗ ಆ ಗುಂಡು ಏಳಕ್ಕೆ ಇಳಿಯುತ್ತದೆ. ಕಾರ್ಬನ್ ಸಿಲಿಂಡರ್, ಎಲೆಕ್ಟ್ರಾನಿಕ್ ಟ್ರಿಗರ್ ಎಂದು ಸೇರಿಸಿದ ಲಕ್ಷ ರೂಪಾಯಿ ಈ ಒಂದು ಮಿ.ಮೀ.ಯನ್ನು ಸರಿಪಡಿಸಲಾರದು.

ಹಿಡಿಕೆ ಹೊಂದುತ್ತದೆಯೇ ಎಂದು ನೋಡುವ ಕ್ರಮ ಸರಳವಾಗಿದೆ. ರೇಂಜಿನಲ್ಲಿ, ಪೆಲೆಟ್ ಇಲ್ಲದ ಪಿಸ್ತೂಲನ್ನು ಗುರಿಯ ಕಡೆಗೇ ಇಟ್ಟುಕೊಂಡು, ಕಣ್ಣು ಮುಚ್ಚಿ ಕೈಯನ್ನು ಸಹಜವಾಗಿ ಎತ್ತಿ, ಆಮೇಲೆ ಕಣ್ಣು ತೆರೆಯಬೇಕು. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ಬಂದು ಕೂತಿದ್ದರೆ ಅದು ನಿಮ್ಮ ಹಿಡಿಕೆ. ಪ್ರತಿ ಸಲವೂ ಒಂದೇ ಬದಿಗೆ ವಾಲುತ್ತಿದ್ದರೆ ಅದನ್ನು ಕೆತ್ತಿಯೋ ಪುಟ್ಟಿ ಹಚ್ಚಿಯೋ ಸರಿಮಾಡಬಹುದು; ಎಂ-ಸೀಲ್ ಮೆತ್ತಿದ ಹಿಡಿಕೆಯಲ್ಲಿ ಪದಕ ಗೆದ್ದವರನ್ನು ನಾನು ಕಂಡಿದ್ದೇನೆ, ನೋಡಲು ಮಾತ್ರ ಅದು ಬಲು ವಿಕಾರ. ಅಂಗೈ ಆಸರೆಯ ಹಲಗೆಯನ್ನು ಮೇಲಕ್ಕೆ ಬಾಗಿಸುವಂತಿಲ್ಲ ಮತ್ತು ಹಿಡಿಕೆ ಮಣಿಕಟ್ಟಿಗೆ ಆಧಾರ ಕೊಡುವಂತಿಲ್ಲ ಎಂಬ ನಿಯಮ ನೆನಪಿರಲಿ, ಇಲ್ಲವಾದರೆ ಸ್ಪರ್ಧೆಯ ದಿನ ಉಪಕರಣ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

ಎಡಗೈಯ ಹಿಡಿಕೆಯನ್ನು ಸಾಮಾನ್ಯವಾಗಿ ಆರ್ಡರ್ ಕೊಟ್ಟೇ ತರಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. "ಸದ್ಯಕ್ಕೆ ಬಲಗೈಯದನ್ನು ಒಯ್ಯಿರಿ, ಆಮೇಲೆ ಬದಲಿಸಿಕೊಡುತ್ತೇವೆ" ಎಂಬ ಮಾತಿಗೆ ಒಪ್ಪಬೇಡಿ. ಆ ತಿಂಗಳುಗಳಲ್ಲಿ ಕೈ ಕಲಿತ ತಪ್ಪು ಹಿಡಿತವನ್ನು ಮರೆಸಲು ಅದರ ಎರಡರಷ್ಟು ಕಾಲ ಬೇಕಾಗುತ್ತದೆ. ಅಲ್ಲಿಯವರೆಗೆ ಎರಡೂ ಕೈಗೆ ಹೊಂದುವ ಸಾದಾ ಹಿಡಿಕೆಯ ತರಬೇತಿ ಪಿಸ್ತೂಲು ರೇಂಜಿನಲ್ಲಿ ಇದ್ದರೆ ಅದರಲ್ಲಿ ಅಭ್ಯಾಸ ಮಾಡಿ. ಅದೂ ಇಲ್ಲದಿದ್ದರೆ ನಿಲುವು, ಉಸಿರು, ಒಂದು ಕೈಯಲ್ಲಿ ಕಿಲೋದಷ್ಟು ಭಾರ ಹಿಡಿದು ನಿಲ್ಲುವ ಶಕ್ತಿ, ಇವುಗಳನ್ನು ಬೆಳೆಸಿಕೊಳ್ಳುತ್ತ ಕಾಯಿರಿ.

ನಮ್ಮ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅಂಗೈ ಒಂದೇ ಸಮನೆ ಬೆವರುತ್ತದೆ. ನುಣುಪಾಗಿ ಪಾಲಿಶ್ ಮಾಡಿದ ಹಿಡಿಕೆ ಜಾರುತ್ತದೆ, ಆದುದರಿಂದ ತರಿತರಿಯಾದ ಮೇಲ್ಮೈಯೇ ಇಲ್ಲಿಗೆ ಸರಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ತೇವ ಹೀರಿ ಉಬ್ಬುವುದರಿಂದ, ಬಿಗಿಯಾಗಿ ಕೂರಲೆಂದು ಬೇಸಿಗೆಯಲ್ಲಿ ಚಿಕ್ಕ ಅಳತೆ ಆರಿಸಿದವರು ಮಳೆಗಾಲದಲ್ಲಿ ಪೇಚಾಡುತ್ತಾರೆ. ಉಪ್ಪುಗಾಳಿಗೆ ತಿರುಪುಗಳಿಗೂ ಸೈಟಿನ ಸ್ಪ್ರಿಂಗಿಗೂ ತುಕ್ಕು ಬೇಗ ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸುತ್ತಿರಬೇಕು. ಕೈಪಂಪಿನಲ್ಲಿ ಗಾಳಿ ತುಂಬುವವರು ತೇವ ಹೀರುವ ಫಿಲ್ಟರ್ ಇಲ್ಲದೆ ತುಂಬಲೇಬಾರದು, ಇಲ್ಲಿಯ ಗಾಳಿಯೊಡನೆ ನೀರೂ ಸಿಲಿಂಡರಿನ ಒಳಗೆ ಹೋಗುತ್ತದೆ.

ರೇಂಜಿನಲ್ಲಿ ಲೇನ್ (ಒಬ್ಬೊಬ್ಬರು ನಿಂತು ಹೊಡೆಯುವ ಜಾಗ) ಆರಿಸುವಾಗಲೂ ಸ್ವಲ್ಪ ಸಂಕೋಚ ಬಿಡಬೇಕು. ಬಲಗೈಯವರು ನಿಂತಾಗ ಅವರ ಎದೆ ಎಡಕ್ಕೆ ತಿರುಗಿರುತ್ತದೆ, ನಮ್ಮದು ಬಲಕ್ಕೆ. ಸಾಲಿನ ನಡುವೆ ನಿಂತರೆ ಬಲಪಕ್ಕದವರಿಗೂ ನಮಗೂ ಇಡೀ ಹೊತ್ತು ಮುಖಾಮುಖಿ, ಇಬ್ಬರಿಗೂ ಕಿರಿಕಿರಿ. ಬಲತುದಿಯ ಲೇನ್ ಕೇಳಿ ಪಡೆದರೆ ಎದುರಿಗೆ ಗೋಡೆ ಮಾತ್ರ ಇರುತ್ತದೆ. ಪೆಲೆಟ್ ಡಬ್ಬಿಯನ್ನು ಮೇಜಿನ ಬಲಕ್ಕೆ ಸರಿಸಿಕೊಳ್ಳಿ, ಏಕೆಂದರೆ ತುಂಬುವ ಕೈ ನಿಮಗೆ ಬಲಗೈ.

ಕಂಪನಿ ಆರಿಸುವಾಗ ನಾನು ಒಂದೇ ಮಾತು ಹೇಳುವುದು: ನಿಮ್ಮ ರೇಂಜಿನಲ್ಲಿ ಹೆಚ್ಚು ಜನರ ಕೈಯಲ್ಲಿ ಯಾವ ಮಾದರಿ ಇದೆಯೋ ಅದನ್ನೇ ಕೊಳ್ಳಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲಿನ ಕಾಕಿಂಗ್ ಲಿವರ್ (ಹೊಡೆಯಲು ಸಜ್ಜುಗೊಳಿಸುವ ಸನ್ನೆ) ಅರ್ಹತಾ ಸುತ್ತಿನ ನಡುವೆಯೇ ಮುರಿದು, ಸರಿಪಡಿಸಿಕೊಂಡು ಬರುವಷ್ಟರಲ್ಲಿ ಸಾಕಷ್ಟು ಸಮಯ ಕಳೆದು, ಕೊನೆಗೆ ಫೈನಲ್ ಎರಡು ಅಂಕಗಳಿಂದ ತಪ್ಪಿಹೋಯಿತು. ಅಂಥ ಸ್ಪರ್ಧೆಯಲ್ಲೇ ಹೀಗಾಗುವುದಾದರೆ ನಮ್ಮ ಜಿಲ್ಲಾ ಸ್ಪರ್ಧೆಗಳಲ್ಲಿ ಆಗದೇ? ಬಲಗೈಯವರು ಪಕ್ಕದವರ ಪಿಸ್ತೂಲು ಎರವಲು ಪಡೆದು ಮುಂದುವರಿಯಬಹುದು. ನಾವು ಎರವಲು ಪಡೆದರೂ ಹಿಡಿಕೆ ಬಲಗೈಯದು. ಮಾದರಿ ಒಂದೇ ಆಗಿದ್ದರೆ ತಿರುಪು ಬಿಚ್ಚಿ ನಮ್ಮ ಹಿಡಿಕೆಯನ್ನು ಅದಕ್ಕೆ ಜೋಡಿಸಿಕೊಳ್ಳಬಹುದು.

ಇದೇ ಕಾರಣಕ್ಕೆ ಹಳೆಯ ಪಿಸ್ತೂಲು ಕೊಳ್ಳುವುದರಲ್ಲೂ ಎಡಗೈಯವರಿಗೆ ತೊಂದರೆಯಿಲ್ಲ. ಯಾರೋ ಬಲಗೈಯವರು ಬಳಸಿ ಬಿಟ್ಟದ್ದನ್ನು ಕಡಿಮೆ ಬೆಲೆಗೆ ಪಡೆದು ಎಡಗೈಯ ಹಿಡಿಕೆಯನ್ನು ಮಾತ್ರ ಹೊಸದಾಗಿ ತರಿಸಿಕೊಂಡರೆ ಒಟ್ಟು ಖರ್ಚು ಸಾಕಷ್ಟು ಇಳಿಯುತ್ತದೆ, ತಂಗಿಯ ಮಗಳಿಗೆ ನಾನು ಸೂಚಿಸಿದ್ದೂ ಇದನ್ನೇ. ಆದರೆ ಸಿಲಿಂಡರಿನ ಮೇಲೆ ಅಚ್ಚೊತ್ತಿದ ದಿನಾಂಕ ಓದದೆ ಮುಂಗಡ ಕೊಡಬೇಡಿ. ತಯಾರಾಗಿ ಹತ್ತು ವರ್ಷ ದಾಟಿದ ಸಿಲಿಂಡರನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ, ಹೊಸ ಸಿಲಿಂಡರಿನ ಬೆಲೆಯನ್ನು ಮಾರುವವರ ದರದಿಂದ ಕಳೆದೇ ಚೌಕಾಸಿ ಮಾಡಬೇಕು. ಹಿಡಿಕೆಯ ಆರ್ಡರ್ ಕೊಡುವಾಗ ಅಂಗೈಯ ಅಗಲವನ್ನು ಅಳೆದು, ಎಡಗೈ ಎಂಬುದನ್ನೂ ಅಳತೆಯನ್ನೂ ರಸೀದಿಯಲ್ಲೇ ಬರೆಸಿಕೊಳ್ಳಿ.